ಕುಲಗೋಡದ ತಮ್ಮಣ್ಣ

ಶ್ರೀಕೃಷ್ಣಪಾರಿಜಾತದ ಆಟವನ್ನು ಕಂಡು ಸಂತೋಷಪಟ್ಟವರು ನಮ್ಮ ವಾಚಕರಲ್ಲಿ ಅನೇಕರಿರುವರು. ಅದನ್ನು ಆಟಕ್ಕೆ ತಂದುಕೊಟ್ಟ ಕುಲಗೋಡದ ತಮ್ಮಣ್ಣನನ್ನು ಬಲ್ಲವರು ವಿರಳ. ಬಲ್ಲವರೂ ಅವನನ್ನು ಅಪರಾಳದ ತಮ್ಮಣ್ಣನೊಡನೆ ಬೆರೆಸಿಬಿಡುವದುಂಟು. ಹೆಸರೊಂದೇ ಆದ ಮಾತ್ರಕ್ಕೆ ಒಬ್ಬನ ದುಡಿಮೆಯು ಇನ್ನೊಬ್ಬನ ಲೆಕ್ಕಕ್ಕೆ ಸೇರುವದು ನ್ಯಾಯವಲ್ಲವೆಂದು ನಾವು ಬಗೆಯುತ್ತೇವೆ.

ರಾಯಚೂರು ಸೀಮೆಯ ಅಪರಾಳದ ತಮ್ಮಣ್ಣನು 18ನೆಯ ಶತಮಾನದಲ್ಲಿ ಪಾರಿಜಾತದ ಕಥೆಯನ್ನು ಪದಗಳಲ್ಲಿ ಕಟ್ಟಿದನು. ಅದನ್ನು 19ನೆಯ ಶತಮಾನದಲ್ಲಿ ತಿದ್ದಿ, ಬೆಳೆಯಿಸಿ, ರಂಗಕ್ಕೆ ಇಳಿಸಿದವನು ಗೋಕಾಕ ತಾಲೂಕಿನ ಕುಲಗೋಡದ ತಮ್ಮಣ್ಣನು. ಈ ಊರು ಈಗ ಮೂಡಲಗಿ ತಾಲೂಕಿಗೆ ಸೇರಿದೆ. ದಾಸರಾಟ, ರಾಧಾನಾಟಗಳಿಗೆ ಜನರು ಒಲಿದಿದ್ದ ಸೀಮೆಯದು. ಅವುಗಳಲ್ಲಿ ಹಾಡೂ ವಿನೋದವೂ ಇದ್ದವು. ಶೃಂಗಾರವು ಎಲ್ಲೆ ಮೀರುವದೂ ಇದ್ದಿತು. ಪಾರಿಜಾತದಲ್ಲಿ ವಿನೋದವು ಉಳಿಯಿತು, ಒರಟುತನವು ಕಳೆಯಿತು.

ಕಥೆಯು ಎಲ್ಲರಿಗೂ ತಿಳಿದದ್ದೇ. ನಾರದನು ತಂದ ಹೂವು ರುಕ್ಮಿಣಿಗೆ ಸಲ್ಲುತ್ತದೆ; ಸತ್ಯಭಾಮೆ ಮುನಿಯುತ್ತಾಳೆ; ಕೃಷ್ಣನು ಕೊರವಂಜಿಯಾಗಿ ಬಂದು ಕಣಿ ಹೇಳುತ್ತಾನೆ. ಆದರೆ ಆಟದ ಜೀವವಿರುವದು ಭಾಗವತನಲ್ಲಿ. ಗೊಲ್ಲತಿಯು ಮೊಸರಿನ ಗಡಿಗೆ ಹೊತ್ತು ಬರುವಳೋ ಇಲ್ಲವೋ, ಅವನು ಅಡ್ಡಗಟ್ಟಿ ಊರು ಯಾವದು, ಹೆಸರೇನು, ಬೆಲೆ ಎಷ್ಟೆಂದು ಕೇಳತೊಡಗುವನು. ಅವಳು ಕೊಟ್ಟ ಉತ್ತರದಿಂದಲೇ ಮತ್ತೊಂದು ಪ್ರಶ್ನೆ ಹುಟ್ಟುವದು, ಸಭೆಯು ನಗುವದು. ಮರುಗಳಿಗೆಯಲ್ಲಿ ಹೆಗಲ ವಸ್ತ್ರವನ್ನೇ ಸೆರಗು ಮಾಡಿಕೊಂಡು ಅವನೇ ಭಾಮೆಯ ದೂತಿ! ರಾಣಿಯ ಸೊಕ್ಕನ್ನು ಅವಳೆದುರಿಗೇ ಆಡಿತೋರಿಸುವ ಅಧಿಕಾರವು ಸಭೆಯ ಪರವಾಗಿ ಅವನಿಗೆ ಬಂದದ್ದು.

1959ರಲ್ಲಿ ದಿಲ್ಲಿಯಲ್ಲಿ ದೂರದರ್ಶನವು ಆರಂಭವಾಯಿತು. ಮುಂದೆ ಪ್ರಶ್ನೋತ್ತರದ ಆಟಗಳು ಮನೆಮನೆಗೆ ಬಂದಾಗ, ಬಂದವರನ್ನು ಮಾತಿಗೆಳೆದು ನೋಡುವವರನ್ನು ನಗಿಸುವ ನಿರೂಪಕನನ್ನು ಪೇಟೆಯ ಜನರು ಹೊಸ ಸೋಜಿಗವೆಂದು ಕೊಂಡಾಡಿದರು. ಗೋಕಾಕ, ಹುಕ್ಕೇರಿಗಳ ಒಕ್ಕಲಿಗನಿಗೆ ಅದರಲ್ಲಿ ಹೊಸದೇನು?

ತಮ್ಮಣ್ಣನ ತರುವಾಯ ಅದೇ ಗೋಕಾಕ ಸೀಮೆಯ ಕೌಜಲಗಿಯ ನಿಂಗಮ್ಮನು 20ನೆಯ ಶತಮಾನದ ಮೊದಲ ಭಾಗದಲ್ಲಿ ಈ ಆಟಕ್ಕೆ ನಾಡತುಂಬ ಕೀರ್ತಿ ತಂದಳು. ಹೆಂಗಸು ರಂಗವೇರುವದೇ ಅಪವಾದವೆನಿಸಿದ್ದ ದಿನಗಳವು. ಸುಶಿಕ್ಷಿತರಾದರೋ ಸಣ್ಣಾಟವೆಂಬ ಹೆಸರನ್ನು ಕೇಳಿಯೇ ಅದನ್ನು ಸಣ್ಣದೆಂದು ತಿಳಿದು, ಕಂಪನಿಯ ನಾಟಕಗಳಿಗೆ ಟಿಕೀಟು ಕೊಂಡರು. ನಮ್ಮ ಅಧಿಕಾರಿವರ್ಗದ ಮಹನೀಯರು ಇದನ್ನು ಅಲ್ಲಗಳೆಯಲಾರರು.

ತಮ್ಮಣ್ಣನು ಹೊಂದಿಸಿದ ಪದಗಳು ಅಚ್ಚಿನಲ್ಲಿ ದೊರೆಯುವವು. ಭಾಗವತನು ಆಯಾ ರಾತ್ರಿ ಆಯಾ ಊರಿನ ಜನರನ್ನು ನೋಡಿ ಆಡುವ ಮಾತು ಮಾತ್ರ ಪುಸ್ತಕದಲ್ಲಿಲ್ಲ; ಅದಕ್ಕೆ ಬೆಳಗಾಗುವವರೆಗೆ ಕಂಬಳಿ ಹೊದ್ದು ಕೂಡ್ರಬೇಕು.