ಹಿತ್ತಲಾಚೆಯ ಕೇರಿಯಿಂದ: ಎಂ. ಎನ್. ಶ್ರೀನಿವಾಸ್

ಮೈಸೂರಿನ ಕಾಲೇಜು ರಸ್ತೆಯ ಅಯ್ಯಂಗಾರರ ಮನೆಯೊಂದರ ಹಿಂದೆ ಬಂಡಿಕೇರಿ ಎಂಬ ಕುರುಬರ ಕೇರಿಯಿತ್ತು. ಮಣ್ಣಿನ ಗೋಡೆಗಳು, ಕುರಿಮಂದೆ, ಬೇರೆಯೇ ಧಾಟಿಯ ಕನ್ನಡ, ಬೇರೆಯೇ ಹಬ್ಬಗಳು. ಮನೆಯಿಂದ ಕೆಲವೇ ಹೆಜ್ಜೆಗಳ ದೂರದಲ್ಲಿದ್ದ ಈ ಲೋಕವನ್ನು ಕಂಡು ಬಾಲಕನೊಬ್ಬ ಬೆರಗಾದನು. 1916ರ ನವೆಂಬರ್ 16ರಂದು ಜನಿಸಿದ ಮೈಸೂರು ನರಸಿಂಹಾಚಾರ್ ಶ್ರೀನಿವಾಸರು ಮುಂದೆ ಸಮಾಜಶಾಸ್ತ್ರಜ್ಞರಾಗಿ ಜಗತ್ತಿಗೆ ಪರಿಚಿತರಾದರೂ, ತಮ್ಮ ಆಸಕ್ತಿಯ ಮೂಲವನ್ನು ನೆನೆಯುವಾಗ ಈ ಕೇರಿಯನ್ನು ಮರೆಯಲಿಲ್ಲ.

ಮಹಾರಾಜ ಕಾಲೇಜಿನ ಓದು ಮುಗಿಸಿ ಅವರು ಮುಂಬಯಿಗೆ ತೆರಳಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಸಂಶೋಧನೆಗೆ ಆರಿಸಿಕೊಂಡ ವಿಷಯ ದೂರದ್ದಲ್ಲ. ತಮ್ಮದೇ ಸೀಮೆಯ ಮದುವೆ ಮತ್ತು ಕುಟುಂಬ. 1942ರಲ್ಲಿ ಗ್ರಂಥವಾಗಿ ಪ್ರಕಟವಾದ ಆ ಅಧ್ಯಯನದಲ್ಲಿ, ಮೈಸೂರಿನ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುತ್ತಿದ್ದ ‘ತೆರ’ದ ಪ್ರಸ್ತಾಪವಿದೆ. ಅಂದು ಅದು ಹಳೆಯ ಪದ್ಧತಿಯೊಂದರ ದಾಖಲೆಯಂತೆ ಮಾತ್ರ ಕಂಡಿರಬೇಕು.

ಬಳಿಕ ಕೊಡಗು. ಅಲ್ಲಿ ಸಂಗ್ರಹಿಸಿದ ಸಾಮಗ್ರಿಯನ್ನು ಆಕ್ಸ್‌ಫರ್ಡ್‌ನಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್ ಮತ್ತು ಇವಾನ್ಸ್ ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಹೊಸದಾಗಿ ವಿವೇಚಿಸಿದರು. 1952ರಲ್ಲಿ ಹೊರಬಂದ ಕೊಡವರ ಧರ್ಮ ಮತ್ತು ಸಮಾಜದ ಕುರಿತ ಆ ಗ್ರಂಥವೇ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆಗೆ ನೆಲೆ ಒದಗಿಸಿತು. ಕೆಳಗಿನ ಸ್ತರದ ಜಾತಿಯೊಂದು ಮೇಲಿನವರ ಆಚಾರಗಳನ್ನು ಅನುಸರಿಸಿ ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಕ್ರಮವದು. ಆದರೆ ಆ ಗ್ರಂಥದ ಕೇಂದ್ರದಲ್ಲಿರುವುದು ಕೊಡವರ ಒಕ್ಕ. ಅದೇ ಗದ್ದೆಗಳಲ್ಲಿ ಜೀತಕ್ಕಿದ್ದ ಯರವರು ಅಂಚಿನಲ್ಲಿ ಉಳಿಯುತ್ತಾರೆ. ಗಡಿಯಾಚೆಯ ವಯನಾಡಿನಲ್ಲಿ ಇವರೇ ಅಡಿಯರು. ಕಲ್ಲೂರು, ನೂಲ್ಪುಳದ ಕಡೆ ಪಣಿಯರ, ಕಾಟ್ಟುನಾಯ್ಕರ ಹಾಡಿಗಳನ್ನು ಕಂಡವರಿಗೆ ಈ ಕೊರತೆ ಬೇಗ ಹೊಳೆಯುತ್ತದೆ. ಮೇಲೇರುವ ಆಸೆಯನ್ನು ವಿವರಿಸುವ ಪರಿಕಲ್ಪನೆಯು ಏರಲು ಮೆಟ್ಟಿಲೇ ಇಲ್ಲದವರ ಬಾಳನ್ನು ಅಷ್ಟಾಗಿ ವಿವರಿಸಲಾರದು.

1948ರಲ್ಲಿ ಅವರು ಮೈಸೂರು ಜಿಲ್ಲೆಯ ಕೊಡಗಹಳ್ಳಿಗೆ ಬಂದು ನೆಲೆಸಿದರು. ಬರವಣಿಗೆಯಲ್ಲಿ ಅದಕ್ಕಿಟ್ಟ ಹೆಸರು ರಾಂಪುರ. ಸ್ವಾತಂತ್ರ್ಯ ಬಂದು ವರ್ಷವೂ ತುಂಬಿರಲಿಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಆಗಷ್ಟೇ ಸ್ಥಾಪಿತವಾಗಿತ್ತು. ಹಳ್ಳಿ ಬಸ್ಸು, ಅಕ್ಕಿ ಗಿರಣಿ, ವಿದ್ಯುತ್ತಿನ ಮಾತಾಡುತ್ತಿತ್ತು. ಊರ ಗೌಡರ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಅವರಿಗೆ ವಸತಿ ದೊರೆಯಿತು. ಪ್ರಶ್ನೆ ಕೇಳಲು ಬಂದವರನ್ನೇ ಊರು ಪರೀಕ್ಷಿಸಿತು. ಸ್ನಾನದ ನಂತರ ಕ್ಷೌರ ಮಾಡಿಕೊಳ್ಳುವ ಬ್ರಾಹ್ಮಣನೆಂದು ಆಕ್ಷೇಪಿಸಿತು. ಆಕ್ಸ್‌ಫರ್ಡ್ ಪದವಿಗಿಂತ ಮಡಿ ಮೈಲಿಗೆಯ ಲೆಕ್ಕವೇ ಅಲ್ಲಿ ದೊಡ್ಡದು. ಹಿರಿಯ ಒಕ್ಕಲಿಗರ ಆಶ್ರಯದಲ್ಲಿದ್ದುದರಿಂದ ಹರಿಜನರ ಕೇರಿಗೆ ಮನಬಂದಂತೆ ಹೋಗಿಬರಲು ಆಗಲಿಲ್ಲ. ತಾವು ಕಂಡ ಹಳ್ಳಿ ಮೇಲ್ಜಾತಿಯ ಜಗಲಿಯಿಂದ ಕಂಡದ್ದೆಂಬುದನ್ನು ಅವರು ಮುಚ್ಚಿಡಲಿಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವವರಿಗೆ ಅವರ ಪರಿಕಲ್ಪನೆಗಳಿಗಿಂತಲೂ ಈ ಒಪ್ಪಿಗೆ ಹೆಚ್ಚು ಉಪಯುಕ್ತವೆನಿಸಬಹುದು. ‘ಪ್ರಬಲ ಜಾತಿ’, ‘ವೋಟ್ ಬ್ಯಾಂಕ್’ ಎಂಬ ಇಂದಿನ ಮನೆಮಾತುಗಳ ಹಿಂದೆಯೂ ಈ ಹಳ್ಳಿಯೇ ಇದೆ.

ಬರೋಡಾ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳನ್ನು ಕಟ್ಟುತ್ತ ವರ್ಷಗಳುರುಳಿದವು. ರಾಂಪುರದ ಪುಸ್ತಕ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಬರೆಯಲೆಂದೇ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗಿದ್ದಾಗ, 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಸಂಶೋಧನ ಕೇಂದ್ರಕ್ಕೆ ಬೆಂಕಿಯಿಟ್ಟರು. ವರ್ಷಗಳ ಶ್ರಮದಿಂದ ವಿಂಗಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಅವರ ಕೊಠಡಿಯಲ್ಲೇ ಇದ್ದವು. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರು ನೆನಪಿನಿಂದಲೇ ಬರೆಯುವಂತೆ ಸೂಚಿಸಿದರು. ಹೀಗೆ 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟವಾಯಿತು. ಕೋಷ್ಟಕಗಳು ಕಡಿಮೆಯಾಗಿ ಮನುಷ್ಯರು ತುಂಬಿಕೊಂಡರು. ಗೌಡರ ಗತ್ತು, ಜಗಳ, ಹಾಸ್ಯ ಎಲ್ಲವೂ ಅದರಲ್ಲಿವೆ. ಕಾದಂಬರಿಯ ಓದುಗರಿಗೂ ರುಚಿಸುವ ಸಮಾಜಶಾಸ್ತ್ರದ ಪುಸ್ತಕಗಳು ಹೆಚ್ಚಿಲ್ಲ.

1972ರಲ್ಲಿ ಬೆಂಗಳೂರಿಗೆ ಮರಳಿದ ಶ್ರೀನಿವಾಸರು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ವರದಕ್ಷಿಣೆಯ ಸಾವುಗಳು ಪತ್ರಿಕೆಗಳನ್ನು ತುಂಬುತ್ತಿದ್ದವು. ಅದು ನಮ್ಮ ಪುರಾತನ ಸಂಪ್ರದಾಯವೆಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ದಕ್ಷಿಣದಲ್ಲಿ ತೆರವೇ ವ್ಯಾಪಕವಾಗಿತ್ತು; ನಗದು ಹಣ, ಇಂಗ್ಲಿಷ್ ಶಿಕ್ಷಣ ಮತ್ತು ಸಂಬಳದ ಉದ್ಯೋಗಗಳು ಬಂದ ಮೇಲೆ ಓದಿದ ವರನಿಗೆ ಬೆಲೆ ಕಟ್ಟುವ ಈ ಹೊಸ ವ್ಯವಹಾರ ಬೆಳೆಯಿತೆಂದು ವಾದಿಸಿದರು. ಆಗ ಅವರಿಗೆ ಅರವತ್ತೇಳರ ಆಸುಪಾಸು. ಮುಂಬಯಿಯ ವಿದ್ಯಾರ್ಥಿಯಾಗಿದ್ದಾಗ ಗಮನಿಸಿದ ತೆರವು ನಲವತ್ತು ವರ್ಷಗಳ ಬಳಿಕ ಅವರ ವಾದಕ್ಕೆ ಆಧಾರವಾಯಿತು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು.