ಡಾ. ಗೋವಿಂದಸ್ವಾಮಿ ಮತ್ತು ಮಿದುಳಿನ ಶಸ್ತ್ರಕ್ರಿಯೆ

 

ನಮ್ಮ ಉಮ್ಮತ್ತೂರಿನಲ್ಲಿ ಅಜ್ಜಿಯ ತಮ್ಮನಿಗೆ ಬುದ್ಧಿ ಕದಡಿದಾಗ ದೆವ್ವ ಮೆಟ್ಟಿಕೊಂಡಿದೆ ಎಂದು ಕಂಬಕ್ಕೆ ಕಟ್ಟಿ ಬೇವಿನ ಸೊಪ್ಪಿನಲ್ಲಿ ಹೊಡೆದರಂತೆ. ಆ ಕಾಲದಲ್ಲೇ ಅದನ್ನು ಕಾಯಿಲೆ ಎಂದು ಕಂಡವರೊಬ್ಬರು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಅವರೇ ಡಾ. ಎಂ.ವಿ. ಗೋವಿಂದಸ್ವಾಮಿ (1904-1961).

ಆಗ ಈಗಿನಂತೆ ಮಾತ್ರೆಗಳಿರಲಿಲ್ಲ. ಮಿದುಳಿನ ಮುಂಭಾಗದ ನರತಂತುಗಳನ್ನು ಕಡಿಯುವ ಲ್ಯೂಕಾಟಮಿಯನ್ನು ಪೋರ್ಚುಗಲ್‌ನ ಎಗಾಸ್ ಮೋನಿಜ್ 1935ರಲ್ಲಿ ಶುರುಮಾಡಿದ್ದರು. ಗೋವಿಂದಸ್ವಾಮಿಯವರು ಶಸ್ತ್ರವೈದ್ಯ ಬಾಲಕೃಷ್ಣ ರಾವ್ ಅವರ ಜೊತೆಗೂಡಿ ಅದನ್ನು ಇಲ್ಲಿ ನಡೆಸಿ, 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ತಲೆಬುರುಡೆಯ ಎರಡೂ ಬದಿ ರಂಧ್ರ ಕೊರೆದು ಒಳಗೆ ಅಲಗು ಆಡಿಸುವುದು. ಕೆರಳಿದವರು ತಣ್ಣಗಾಗುತ್ತಿದ್ದರು, ಎಷ್ಟೋ ಜನರಲ್ಲಿ ಆಸೆ, ಅಳು, ನಗುವೂ ತಣ್ಣಗಾಗುತ್ತಿತ್ತು. ಕಡಿದದ್ದು ಮತ್ತೆ ಕೂಡುವುದಿಲ್ಲ. ಆದರೂ ಮೋನಿಜ್‌ಗೆ 1949ರಲ್ಲಿ ನೊಬೆಲ್ ಬಂತು!

ಇಲ್ಲಿ ನಾನು ತಡವರಿಸುತ್ತೇನೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದವರು, ಇಂದಿನ ನಿಮ್ಹಾನ್ಸ್‌ಗೆ ಬುನಾದಿ ಹಾಕಿದವರು ಅವರು. ಕರುಣೆ ಇಲ್ಲದವರಲ್ಲ. ಆದರೆ ಹುಚ್ಚ ಎಂದು ಹಣೆಪಟ್ಟಿ ಹಚ್ಚಿಸಿಕೊಂಡವನ ಒಪ್ಪಿಗೆಗೆ ಆಗ ಏನು ಬೆಲೆ ಇತ್ತು?

ವೈದ್ಯರ ಹೆಸರು ಉಳಿದಿದೆ. ಅಜ್ಜಿಯ ತಮ್ಮನ ಹೆಸರನ್ನು ನಮ್ಮ ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ.