ಬಿದ್ದು ಎದ್ದ ಚಾಂಪಿಯನ್ ಜೋ ಲೂಯಿಸ್

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಅಲ್ಲಿಗೆ ಮುಗಿಯಿತು. ಬಾಕ್ಸಿಂಗ್‌ನಲ್ಲಿ ಹಾಗಲ್ಲ. ಗುದ್ದು ತಿಂದು ಬಿದ್ದವನ ಪಕ್ಕದಲ್ಲಿ ರೆಫರಿ ಹತ್ತರವರೆಗೆ ಎಣಿಸುತ್ತಾನೆ. ಅಷ್ಟರೊಳಗೆ ಎದ್ದು ನಿಂತರೆ ಪಂದ್ಯ ಮುಂದುವರಿಯುತ್ತದೆ. ಹೀಗಾಗಿ ಹಳೆಯ ಹೆವಿವೇಟ್ ಚಾಂಪಿಯನ್ನರಲ್ಲಿ ಯಾರು ಹೆಚ್ಚು ಗಟ್ಟಿ ಎಂಬ ಚರ್ಚೆ ಎದ್ದಾಗಲೆಲ್ಲ ಎರಡು ಲೆಕ್ಕ ನೋಡುತ್ತಾರೆ. ಯಾರ ಗುದ್ದು ಜೋರು ಎಂಬುದು ಒಂದು. ಏಟು ತಿಂದ ಮೇಲೂ ಎದ್ದು ನಿಲ್ಲುವವರು ಯಾರು ಎಂಬುದು ಇನ್ನೊಂದು. ಈ ಚರ್ಚೆಯಲ್ಲಿ ತಪ್ಪದೆ ಬರುವ ಹೆಸರು ಅಮೆರಿಕದ ಜೋ ಲೂಯಿಸ್.

1937ರಿಂದ 1949ರವರೆಗೆ, ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ವಿಶ್ವ ಹೆವಿವೇಟ್ ಪಟ್ಟ ಈತನ ಬಳಿಯೇ ಇತ್ತು. 25 ಬಾರಿ ಅದನ್ನು ಉಳಿಸಿಕೊಂಡ. ಆ ದಾಖಲೆಯನ್ನು ಹೆವಿವೇಟ್‌ನಲ್ಲಿ ಇಂದಿಗೂ ಯಾರೂ ಮುರಿದಿಲ್ಲ.

ಹತ್ತಿ ಹೊಲದಿಂದ ಡೆಟ್ರಾಯಿಟ್‌ಗೆ

ಜೋಸೆಫ್ ಲೂಯಿಸ್ ಬ್ಯಾರೊ ಹುಟ್ಟಿದ್ದು 1914ರ ಮೇ 13ರಂದು, ಅಲಬಾಮಾ ರಾಜ್ಯದ ಲಫಾಯೆಟ್ ಬಳಿಯ ಹಳ್ಳಿಗಾಡಿನಲ್ಲಿ. ಅಜ್ಜ ಅಜ್ಜಿಯರ ಕಾಲದಲ್ಲಿ ಕುಟುಂಬ ಗುಲಾಮಗಿರಿ ಕಂಡಿತ್ತು. ತಂದೆ ತಾಯಿ ಪರರ ಹೊಲವನ್ನು ಪಾಲಿಗೆ ಮಾಡಿ ಹತ್ತಿ ಬೆಳೆಯುತ್ತಿದ್ದರು. ಎಂಟು ಮಕ್ಕಳಲ್ಲಿ ಜೋ ಏಳನೆಯವನು. ಆತ ಇನ್ನೂ ಕೂಸಾಗಿದ್ದಾಗಲೇ ತಂದೆಗೆ ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದರು. ತಾಯಿ ಲಿಲಿ ಮುಂದೆ ಇನ್ನೊಂದು ಮದುವೆಯಾದರು. 1926ರಲ್ಲಿ ಕುಟುಂಬ ಕೆಲಸ ಹುಡುಕಿಕೊಂಡು ಉತ್ತರದ ಡೆಟ್ರಾಯಿಟ್ ನಗರಕ್ಕೆ ಹೋಯಿತು. ಅಲ್ಲಿ ಮೋಟಾರು ಕಾರ್ಖಾನೆಗಳಿದ್ದವು.

ಮಗ ಪಿಟೀಲು ಕಲಿಯಲಿ ಎಂಬುದು ತಾಯಿಯ ಆಸೆ. ಪಾಠಕ್ಕೆಂದು ಕೊಟ್ಟ ದುಡ್ಡನ್ನು ಜೋ ಬಾಕ್ಸಿಂಗ್ ಕಲಿಯಲು ಕಟ್ಟುತ್ತಿದ್ದ. 1932ರ ಮೊದಲ ಹವ್ಯಾಸಿ ಪಂದ್ಯದಲ್ಲೇ ಜಾನಿ ಮೈಲರ್ ಎಂಬಾತ ಅವನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದ. ಕೆಲ ಕಾಲ ಆಟ ಬಿಟ್ಟು ಫೋರ್ಡ್ ಕಾರ್ಖಾನೆಯಲ್ಲಿ ದುಡಿದ. ಮತ್ತೆ ರಿಂಗ್‌ಗೆ ಬಂದ. 1934ರ ಜುಲೈ 4ರಂದು ಷಿಕಾಗೊದಲ್ಲಿ ವೃತ್ತಿಪರನಾಗಿ ಮೊದಲ ಪಂದ್ಯ ಆಡಿ, ಮೊದಲ ಸುತ್ತಿನಲ್ಲೇ ಗೆದ್ದ. ಸಿಕ್ಕಿದ್ದು 59 ಡಾಲರ್.

ತರಬೇತುದಾರ ಜ್ಯಾಕ್ ಬ್ಲ್ಯಾಕ್‌ಬರ್ನ್ ಕೂಡ ಕರಿಯ ಜನಾಂಗದವನು, ಹಳೆಯ ಬಾಕ್ಸರ್. ಬಿಳಿಯ ತೀರ್ಪುಗಾರರಿಂದ ಅಂಕ ನಿರೀಕ್ಷಿಸಬೇಡ, ಎದುರಾಳಿಯನ್ನು ಕೆಡವಿಯೇ ಗೆಲ್ಲು ಎಂಬುದು ಅವನು ಕಲಿಸಿದ ಪಾಠ. ಇದಕ್ಕೆ ಕಾರಣವಿತ್ತು. ಮೊದಲ ಕರಿಯ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡ ಮೇಲೆ ಯಾವ ಕರಿಯನಿಗೂ ಆ ಪಟ್ಟಕ್ಕೆ ಹೋರಾಡುವ ಅವಕಾಶ ಕೊಟ್ಟಿರಲಿಲ್ಲ. ಬಿಳಿಯರನ್ನು ಕೆಣಕದಂತೆ ನಡೆದುಕೊಳ್ಳಬೇಕೆಂದು ಲೂಯಿಸ್‌ನ ಮ್ಯಾನೇಜರುಗಳು ಕಟ್ಟುಪಾಡು ಹಾಕಿದರು. ಬಿದ್ದವನ ಮುಂದೆ ಹಿಗ್ಗಬಾರದು, ಬಿಳಿಯ ಹೆಂಗಸರ ಜೊತೆ ಫೋಟೊ ತೆಗೆಸಿಕೊಳ್ಳಬಾರದು. ಲೂಯಿಸ್ ಮುಖದಲ್ಲಿ ನಗು ಕಾಣದೆ, ಮಾತು ಕಡಿಮೆ ಮಾಡಿ ಆಡಿದ.

1935ರಲ್ಲಿ ಮಾಜಿ ಚಾಂಪಿಯನ್ನರಾದ ಪ್ರಿಮೊ ಕಾರ್ನೆರಾ, ಮ್ಯಾಕ್ಸ್ ಬೇರ್ ಇಬ್ಬರನ್ನೂ ಹೊಡೆದು ಮಲಗಿಸಿದ. ಕೈಗೆ ಹಣ ಬರತೊಡಗಿದಾಗ ತನ್ನ ಕುಟುಂಬ ಬಡತನದ ದಿನಗಳಲ್ಲಿ ಪಡೆದಿದ್ದ ಸರಕಾರಿ ನೆರವನ್ನು ಲೆಕ್ಕ ಹಾಕಿ ವಾಪಸು ಕಟ್ಟಿದ.

ಜರ್ಮನಿಯ ಷ್ಮೆಲಿಂಗ್

ಎದುರಾಳಿ ಮ್ಯಾಕ್ಸ್ ಷ್ಮೆಲಿಂಗ್ 1905ರಲ್ಲಿ ಹುಟ್ಟಿದವನು, ಲೂಯಿಸ್‌ಗಿಂತ ಎಂಟು ವರ್ಷಕ್ಕೂ ಹೆಚ್ಚು ದೊಡ್ಡವನು. 1930ರಲ್ಲಿ ಜ್ಯಾಕ್ ಷಾರ್ಕಿ ಸೊಂಟದ ಕೆಳಗೆ ಹೊಡೆದ ತಪ್ಪಿಗೆ ಪಟ್ಟ ಷ್ಮೆಲಿಂಗ್‌ಗೆ ಬಂತು. 1932ರಲ್ಲಿ ಅದೇ ಷಾರ್ಕಿಗೆ ಅದನ್ನು ಬಿಟ್ಟುಕೊಟ್ಟ. 1936ರ ಹೊತ್ತಿಗೆ ಅವನ ಕಾಲ ಮುಗಿಯಿತೆಂದೇ ಅಮೆರಿಕದವರು ಎಣಿಸಿದ್ದರು. ಲೂಯಿಸ್ ಕೂಡ ತರಬೇತಿ ಬಿಟ್ಟು ಗಾಲ್ಫ್ ಆಡುವುದರಲ್ಲಿ ಹೊತ್ತು ಕಳೆದ.

ಷ್ಮೆಲಿಂಗ್ ಮಾತ್ರ ಲೂಯಿಸ್‌ನ ಪಂದ್ಯಗಳ ಚಿತ್ರಗಳನ್ನು ಕೂತು ನೋಡಿದ. ಎಡಗೈಯಿಂದ ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗೆ ಇಳಿಸುತ್ತಾನೆ ಎಂಬುದು ಅವನ ಕಣ್ಣಿಗೆ ಬಿತ್ತು. 1936ರ ಜೂನ್ 19ರಂದು ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂನಲ್ಲಿ ಆ ಸಂದಿಯಲ್ಲೇ ತನ್ನ ಬಲಗೈ ಗುದ್ದು ತೂರಿಸಿದ. ನಾಲ್ಕನೆಯ ಸುತ್ತಿನಲ್ಲಿ ಲೂಯಿಸ್ ಬಿದ್ದ. ಎದ್ದ. ಮುಂದೆ ಎಂಟು ಸುತ್ತು ಅದೇ ಬಲಗೈಯ ಏಟು ತಿನ್ನುತ್ತ ನಿಂತ. ಹನ್ನೆರಡನೆಯ ಸುತ್ತಿನಲ್ಲಿ ಬಿದ್ದವನು ಎಣಿಕೆ ಮುಗಿಯುವವರೆಗೆ ಏಳಲಿಲ್ಲ.

ಜರ್ಮನಿಯಲ್ಲಿ ಆಗ ಹಿಟ್ಲರ್ ಆಳ್ವಿಕೆ. ತಮ್ಮ ಜನಾಂಗವೇ ಶ್ರೇಷ್ಠ ಎನ್ನುವುದಕ್ಕೆ ನಾತ್ಸಿಗಳು ಈ ಗೆಲುವನ್ನೇ ಸಾಕ್ಷಿ ಮಾಡಿಕೊಂಡರು. ಅಮೆರಿಕದ ಕರಿಯರ ಕೇರಿಗಳಲ್ಲಿ ಸೂತಕದ ಕಳೆ ಇತ್ತು.

ಗೆದ್ದ ಷ್ಮೆಲಿಂಗ್‌ಗೇ ಪಟ್ಟಕ್ಕೆ ಹೋರಾಡುವ ಅವಕಾಶ ಸಿಗಬೇಕಿತ್ತು. ಆದರೆ ಆಗಿನ ಚಾಂಪಿಯನ್ ಜೇಮ್ಸ್ ಬ್ರಾಡಕ್‌ನ ಕಡೆಯವರು ಹೆಚ್ಚು ಹಣದ ಲೂಯಿಸ್ ಪಂದ್ಯವನ್ನೇ ಒಪ್ಪಿದರು. ಪಟ್ಟ ಜರ್ಮನಿಗೆ ಹೋದರೆ ಮರಳಿ ಬಾರದೆಂಬ ಹೆದರಿಕೆಯೂ ಇತ್ತು. 1937ರ ಜೂನ್ 22ರಂದು ಷಿಕಾಗೊದಲ್ಲಿ ಮೊದಲ ಸುತ್ತಿನಲ್ಲೇ ಬ್ರಾಡಕ್ ಲೂಯಿಸ್‌ನನ್ನು ಕೆಡವಿದ. ಲೂಯಿಸ್ ಎದ್ದು, ಎಂಟನೆಯ ಸುತ್ತಿನಲ್ಲಿ ಬ್ರಾಡಕ್‌ನನ್ನು ಮಲಗಿಸಿ ಚಾಂಪಿಯನ್ ಆದ. ಆದರೂ ಷ್ಮೆಲಿಂಗ್‌ನನ್ನು ಸೋಲಿಸುವವರೆಗೆ ತಾನು ಚಾಂಪಿಯನ್ ಅಲ್ಲವೆಂದೇ ಅವನು ತಿಳಿದಿದ್ದ.

124 ಸೆಕೆಂಡು

1938ರ ಜೂನ್ 22ರ ರಾತ್ರಿ ಯಾಂಕಿ ಸ್ಟೇಡಿಯಂನಲ್ಲಿ ಸುಮಾರು 70,000 ಜನ ಸೇರಿದ್ದರು. ಕೋಟ್ಯಂತರ ಜನ ರೇಡಿಯೋ ಮುಂದೆ ಕೂತಿದ್ದರು. ಈ ಬಾರಿ ಲೂಯಿಸ್ ಕಾಯಲಿಲ್ಲ. ಗಂಟೆ ಹೊಡೆದೊಡನೆ ಮೇಲೆ ಬಿದ್ದ. ಬೆನ್ನು ತಿರುಗಿಸಿದ ಷ್ಮೆಲಿಂಗ್‌ನ ಪಕ್ಕೆಗೆ ಬಿದ್ದ ಗುದ್ದಿಗೆ ಬೆನ್ನುಮೂಳೆಯ ಭಾಗವೇ ಮುರಿಯಿತು. ಮೂರು ಬಾರಿ ನೆಲ ಕಂಡ. 124 ಸೆಕೆಂಡಿನಲ್ಲಿ ಪಂದ್ಯ ಮುಗಿದಿತ್ತು. ಷ್ಮೆಲಿಂಗ್ ಆಸ್ಪತ್ರೆಗೆ ಹೋದ.

ಷ್ಮೆಲಿಂಗ್ ನಾತ್ಸಿ ಪಕ್ಷ ಸೇರಿದವನಲ್ಲ. ಅವನ ಮ್ಯಾನೇಜರ್ ಜೋ ಜೇಕಬ್ಸ್ ಯಹೂದಿ. ಅವನನ್ನು ಬಿಡಬೇಕೆಂಬ ಒತ್ತಡಕ್ಕೆ ಷ್ಮೆಲಿಂಗ್ ಮಣಿಯಲಿಲ್ಲ. ಅದೇ 1938ರ ನವೆಂಬರ್‌ನಲ್ಲಿ ಯಹೂದಿಗಳ ಮನೆ ಅಂಗಡಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯಹೂದಿ ಹುಡುಗರನ್ನು ತನ್ನ ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದ. ಈ ಸಂಗತಿ ಹೊರಬಂದಿದ್ದು ಹಲವು ದಶಕಗಳ ನಂತರ. ರಿಂಗ್‌ನಲ್ಲಿ ಎರಡು ನಿಮಿಷ ನಿಲ್ಲಲಾರದವನು ಎಂದು ಜನ ನಕ್ಕ ವರ್ಷವೇ ಅವನು ಇಂಥ ಎದೆಗಾರಿಕೆ ತೋರಿದ್ದ.

ಯಾರು ಗಟ್ಟಿ?

ಲೂಯಿಸ್‌ನ ದವಡೆ ಗಟ್ಟಿಯಲ್ಲ ಎನ್ನುವವರು ಅವನು ಬಿದ್ದ ಪಟ್ಟಿಯನ್ನೇ ಮುಂದಿಡುತ್ತಾರೆ. 1939ರಲ್ಲಿ ಟೋನಿ ಗ್ಯಾಲೆಂಟೊ ಮೂರನೆಯ ಸುತ್ತಿನಲ್ಲಿ ಕೆಡವಿದ. 1941ರಲ್ಲಿ ಬಡ್ಡಿ ಬೇರ್ ಹಗ್ಗದ ಹೊರಕ್ಕೇ ತಳ್ಳಿದ. 1947ರಲ್ಲಿ ಜರ್ಸಿ ಜೋ ವಾಲ್ಕಾಟ್ ಎರಡು ಸಲ ಕೆಡವಿದ. ಇವೆಲ್ಲ ನಿಜ. ಆದರೆ ಈ ಎಲ್ಲ ಪಂದ್ಯಗಳನ್ನೂ ಗೆದ್ದದ್ದು ಲೂಯಿಸ್.

1941ರ ಜೂನ್ 18ರಂದು ಬಿಲ್ಲಿ ಕಾನ್ ಎದುರು ನಡೆದದ್ದು ಬೇರೆ ಬಗೆಯ ಪರೀಕ್ಷೆ. ಕಾನ್ ಲೂಯಿಸ್‌ಗಿಂತ ಸುಮಾರು 11 ಕೆ.ಜಿ. ಹಗುರ, ಆದರೆ ಚುರುಕು. ಹನ್ನೆರಡು ಸುತ್ತು ಮುಗಿದಾಗ ಅಂಕದಲ್ಲಿ ಅವನೇ ಮುಂದಿದ್ದ. ತಪ್ಪಿಸಿಕೊಂಡು ಆಡಿದ್ದರೆ ಪಟ್ಟ ಅವನದಾಗುತ್ತಿತ್ತು. ಕೆಡವಿಯೇ ಗೆಲ್ಲುತ್ತೇನೆಂದು ಹದಿಮೂರನೆಯ ಸುತ್ತಿನಲ್ಲಿ ಮುನ್ನುಗ್ಗಿದ. ಸುತ್ತು ಮುಗಿಯಲು ಎರಡು ಸೆಕೆಂಡು ಇರುವಾಗ ಕಾನ್ ನೆಲದ ಮೇಲಿದ್ದ.

ಲೂಯಿಸ್‌ಗೆ ಹೋಲಿಸುವ ಮತ್ತೊಬ್ಬ ರಾಕಿ ಮಾರ್ಸಿಯಾನೊ. 49 ಪಂದ್ಯ ಆಡಿ 49ನ್ನೂ ಗೆದ್ದು ನಿವೃತ್ತನಾದವನು. ವೃತ್ತಿಜೀವನದಲ್ಲಿ ಕೆಳಗೆ ಬಿದ್ದದ್ದು ಎರಡೇ ಬಾರಿ. ಎತ್ತರ ಕಡಿಮೆ, ತೋಳು ಗಿಡ್ಡ, ಆದರೆ ದಣಿವರಿಯದವನು. 1951ರ ಅಕ್ಟೋಬರ್ 26ರಂದು ಇಬ್ಬರೂ ಎದುರಾದರು. ಲೂಯಿಸ್‌ಗೆ 37, ಮಾರ್ಸಿಯಾನೊಗೆ 28. ಎಂಟನೆಯ ಸುತ್ತಿನಲ್ಲಿ ಲೂಯಿಸ್ ಹಗ್ಗದ ನಡುವಿನಿಂದ ಹೊರಗೆ ಬಿದ್ದ. ತಾನು ಮೆಚ್ಚಿಕೊಂಡಿದ್ದ ಹಿರಿಯನನ್ನು ಹೊಡೆದೆನೆಂದು ಗೆದ್ದ ಮಾರ್ಸಿಯಾನೊ ಆ ರಾತ್ರಿ ಅತ್ತ. ಇಬ್ಬರೂ ಒಂದೇ ವಯಸ್ಸಿನಲ್ಲಿ ಎದುರಾಗಿದ್ದರೆ ಏನಾಗುತ್ತಿತ್ತು ಎಂಬ ವಾದ ಇಂದಿಗೂ ಮುಗಿದಿಲ್ಲ. ಅಂದಿನ ಪಂದ್ಯ ಅದಕ್ಕೆ ಉತ್ತರವಲ್ಲ. ಏಕೆಂದರೆ ಲೂಯಿಸ್ 1949ರಲ್ಲೇ ಆಟ ಬಿಟ್ಟಿದ್ದ. ಮರಳಿ ಬಂದದ್ದು ಸಾಲಕ್ಕಾಗಿ.

ತೆರಿಗೆಯ ಏಟು

1942ರ ಆರಂಭದಲ್ಲಿ ಲೂಯಿಸ್ ಎರಡು ಪಟ್ಟದ ಪಂದ್ಯಗಳ ತನ್ನ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ. ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿ, ಸೈನಿಕರ ಮುಂದೆ ನೂರರ ಹತ್ತಿರ ಪ್ರದರ್ಶನ ಪಂದ್ಯ ಆಡಿದ. ಆಗಿನ ಸೇನೆಯಲ್ಲಿ ಕರಿಯರಿಗೆ ಬೇರೆ ತುಕಡಿ, ಬೇರೆ ಸಾಲು. ಮುಂದೆ ಬೇಸ್‌ಬಾಲ್‌ನಲ್ಲಿ ಹೆಸರಾದ ಜ್ಯಾಕಿ ರಾಬಿನ್ಸನ್ ಮೊದಲಾದ ಕರಿಯರಿಗೆ ಅಧಿಕಾರಿ ತರಬೇತಿಯ ಬಾಗಿಲು ತೆರೆಯಲು ಲೂಯಿಸ್ ತನ್ನ ಪ್ರಭಾವ ಬಳಸಿದ.

ಯುದ್ಧ ಮುಗಿದ ಮೇಲೆ ತೆರಿಗೆ ಇಲಾಖೆ ಲೆಕ್ಕ ತೆಗೆಯಿತು. ದಾನ ಕೊಟ್ಟ ಹಣವನ್ನೂ ಅವನ ಆದಾಯವೆಂದೇ ಹಿಡಿಯಿತು. ದುಂದುಗೈ, ಕೈ ಕೊಟ್ಟ ವ್ಯಾಪಾರಗಳು, ಕೇಳಿದವರಿಗೆಲ್ಲ ಕೊಡುವ ಗುಣ ಎಲ್ಲವೂ ಸೇರಿ ಬಾಕಿ ಬೆಳೆಯಿತು. ಬಡ್ಡಿಯೊಂದಿಗೆ ಅದು ಹತ್ತು ಲಕ್ಷ ಡಾಲರ್ ದಾಟಿತು. 1953ರಲ್ಲಿ ತೀರಿಕೊಂಡ ತಾಯಿ ಬಿಟ್ಟುಹೋದ 667 ಡಾಲರನ್ನೂ ಇಲಾಖೆ ಬಿಡಲಿಲ್ಲ. ವಿಶ್ವ ಚಾಂಪಿಯನ್ ಆಗಿದ್ದವನು 1956ರಲ್ಲಿ ಹೊಟ್ಟೆಪಾಡಿಗೆ ತೋರಿಕೆಯ ಕುಸ್ತಿ ಆಡಿದ. 1960ರ ದಶಕದಲ್ಲಿ ಇಲಾಖೆ ಹಳೆ ಬಾಕಿಯ ವಸೂಲಿ ಸಡಿಲಿಸಿತು. ಕೊನೆಗೆ ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ಬಂದ ಅತಿಥಿಗಳ ಕೈ ಕುಲುಕುವ ಕೆಲಸ ಸಿಕ್ಕಿತು.

ಈ ಕಷ್ಟದ ದಿನಗಳಲ್ಲಿ ನೆರವಾದವರಲ್ಲಿ ಷ್ಮೆಲಿಂಗ್ ಒಬ್ಬ. ಯುದ್ಧದಲ್ಲಿ ಪ್ಯಾರಾಷೂಟ್ ಸೈನಿಕನಾಗಿದ್ದು, ಆಮೇಲೆ ಜರ್ಮನಿಯಲ್ಲಿ ಕೋಕಾ ಕೋಲಾ ವ್ಯಾಪಾರದಲ್ಲಿ ಅನುಕೂಲಸ್ಥನಾಗಿದ್ದ. 1954ರಲ್ಲಿ ಅಮೆರಿಕಕ್ಕೆ ಬಂದು ಲೂಯಿಸ್‌ನನ್ನು ಕಂಡ. ಅಂದಿನಿಂದ ಸ್ನೇಹ ಕಡೆಯವರೆಗೂ ಉಳಿಯಿತು.

1977ರ ನಂತರ ಲೂಯಿಸ್ ಗಾಲಿಕುರ್ಚಿ ಹಿಡಿದ. 1981ರ ಏಪ್ರಿಲ್ 12ರಂದು, 66ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ಹಿಂದಿನ ರಾತ್ರಿಯಷ್ಟೇ ಒಂದು ಪಟ್ಟದ ಪಂದ್ಯ ನೋಡಿ ಬಂದಿದ್ದ. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಜಾಗ ಕೊಡಿಸಿದರು. ಅಂತ್ಯಕ್ರಿಯೆಯ ಖರ್ಚಿಗೆ ಷ್ಮೆಲಿಂಗ್ ಕೂಡ ಹಣ ಕೊಟ್ಟ. ಅವನು 2005ರಲ್ಲಿ, ನೂರಕ್ಕೆ ಕೆಲವೇ ತಿಂಗಳು ಬಾಕಿ ಇರುವಾಗ ತೀರಿಕೊಂಡ.

69 ಪಂದ್ಯ, 66 ಗೆಲುವು, ಅದರಲ್ಲಿ 52 ನಾಕ್‌ಔಟ್, ಮೂರು ಸೋಲು. ಇದು ಲೂಯಿಸ್‌ನ ರಿಂಗ್‌ನ ಲೆಕ್ಕ. ಅವನು ಬದುಕಿನಲ್ಲಿ ತಿಂದ ಏಟುಗಳನ್ನು ಯಾವ ರೆಫರಿಯೂ ಎಣಿಸಲಿಲ್ಲ.